ಮಕ್ಕಳ ಸಂಜೆಯ ತಿಂಡಿ: ರುಚಿಯೂ ಪುಷ್ಟಿಯೂ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಗಾದೆಯು ಊಟದ ಮಾತನ್ನಷ್ಟೇ ಹೇಳಿ ತಿಂಡಿಯ ಮಾತನ್ನು ಕೈಬಿಟ್ಟಿದೆ. ಊಟವೆಂಬುದು ಹಿರಿಯರ ಕಣ್ಣೆದುರಿಗೆ, ಎಲೆಯೋ ತಟ್ಟೆಯೋ ಹಾಕಿಕೊಂಡು, ಹೊತ್ತುಗೊತ್ತು ಅರಿತು ನಡೆಯುವ ಕಾರ್ಯ. ತಿಂಡಿ ಹಾಗಲ್ಲ. ಅದು ಮಗುವಿಗೂ ಡಬ್ಬಿಗೂ ನಡುವೆ, ಯಾರೂ ನೋಡದ ವೇಳೆಯಲ್ಲಿ ನಡೆದುಹೋಗುವ ವ್ಯವಹಾರ.

ಪುಣೆಯ ಕನ್ನಡಿಗರ ಮನೆಗಳಲ್ಲಿ ಆ ವೇಳೆ ಸಾಮಾನ್ಯವಾಗಿ ಸಂಜೆಯ ನಾಲ್ಕೂವರೆಯಿಂದ ಏಳರವರೆಗಿನದು. ಕೋಥ್ರೂಡವಾಗಲಿ, ಹಡಪಸರವಾಗಲಿ, ಚಿಂಚವಡವಾಗಲಿ, ಶಾಲೆಯ ಗಾಡಿ ಮಕ್ಕಳನ್ನು ಇಳಿಸಿ ಹೋಗುವ ಹೊತ್ತಿಗೆ ತಂದೆ ಕಚೇರಿಯಲ್ಲಿರುತ್ತಾನೆ. ತಾಯಿ ಇನ್ನೊಂದು ಕಚೇರಿಯಲ್ಲಿಯೋ, ಹಿಂಜವಡಿಯ ರಸ್ತೆಯ ವಾಹನಗಳ ಸಾಲಿನಲ್ಲಿಯೋ ಇರುತ್ತಾಳೆ. ಅಜ್ಜಿ ಧಾರವಾಡದಲ್ಲೋ ವಿಜಯಪುರದಲ್ಲೋ ಉಡುಪಿಯಲ್ಲೋ ಉಳಿದಿದ್ದಾಳೆ; ರಜೆಗೆ ಬಂದಾಗ ತಂದುಕೊಟ್ಟ ಉಂಡೆ, ಚಕ್ಕುಲಿಗಳು ಎಂಟು ದಿನಕ್ಕೆ ಮುಗಿದಿವೆ. ನೆರೆಮನೆಯಿಂದ ಬೀಗದ ಕೈ ಇಸಿದುಕೊಂಡು ಒಳಗೆ ಬಂದ ಮಗು ಕಪಾಟು ತೆರೆಯುತ್ತದೆ. ಅಲ್ಲಿ ಬೇಕರಿಯ ಖಾರಿ, ಟೋಸ್ಟು, ಕ್ರೀಮ್ ಬಿಸ್ಕತ್ತು, ಬಾಕರವಡಿ, ಎರಡು ನಿಮಿಷದಲ್ಲಿ ಬೇಯುವ ಶಾವಿಗೆ. ಕೆಳಗಿಳಿದರೆ ಮೂಲೆಯ ಗಾಡಿಯಲ್ಲಿ ವಡಾ-ಪಾವ್. ರಾತ್ರಿ ಒಂಬತ್ತಕ್ಕೆ ಊಟಕ್ಕೆ ಕರೆದರೆ ಅದೇ ಮಗು ತಟ್ಟೆಯನ್ನು ಆಚೆ ಸರಿಸುತ್ತದೆ. ಆಗ ಮನೆಯಲ್ಲಿ ಕೇಳಿಬರುವ ಮಾತು ಒಂದೇ: “ಮೊದಲೇ ಕಡ್ಡಿಯ ಹಾಂಗ ಇದ್ದಾನ, ಏನರ ತಿನ್ನಲಿ ಬಿಡ್ರಿ.”

ಈ “ಏನಾದರೂ ತಿನ್ನಲಿ” ಎಂಬ ಮಾತಿನಲ್ಲಿ ವಾತ್ಸಲ್ಯವಿದೆ, ಸಂದೇಹವಿಲ್ಲ. ಆದರೆ ಸಣ್ಣಗಿರುವ ಮಗುವಿಗೆ ಯಾವ ಆಹಾರವಾದರೂ ಆದೀತೆಂಬ ತಿಳಿವಳಿಕೆ ಎಷ್ಟು ತಪ್ಪೆಂಬುದನ್ನು ತೋರಿಸಿಕೊಟ್ಟ ಊರು, ಆಶ್ಚರ್ಯವೆಂದರೆ, ಇದೇ ಪುಣೆ.

ಪುಣೆಯ ವೈದ್ಯರು ಕಂಡದ್ದು

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಅವರ ಸಂಗಡಿಗರು 1993ರಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಒಂದು ಅಧ್ಯಯನವನ್ನು ಆರಂಭಿಸಿದರು. ಗರ್ಭಿಣಿಯರು ಏನನ್ನು ಉಣ್ಣುತ್ತಾರೆ, ಹುಟ್ಟುವ ಕೂಸು ಹೇಗಿರುತ್ತದೆ, ಬೆಳೆದಂತೆ ಅದರ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ವರ್ಷಾನುವರ್ಷ ಅಳೆದು ಬರೆದಿಡುವುದು ಅದರ ಉದ್ದೇಶ. ಆ ಹಳ್ಳಿಗಳ ಕೂಸುಗಳು ಹುಟ್ಟಿದಾಗ ಸರಾಸರಿ ಸುಮಾರು 2.7 ಕಿಲೊ ತೂಗಿದವು. ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಕೂಸುಗಳ ತೂಕ ಸುಮಾರು 3.5 ಕಿಲೊ. ಇಷ್ಟು ಕಡಿಮೆ ತೂಕವಿದ್ದ ಮೇಲೆ ನಮ್ಮ ಕೂಸುಗಳಲ್ಲಿ ಎಲ್ಲವೂ ಕಡಿಮೆಯಿರಬೇಕೆಂದು ಯಾರಾದರೂ ಊಹಿಸುವರು. ಅಳೆದು ನೋಡಿದಾಗ ಸ್ನಾಯು ಕಡಿಮೆಯಿತ್ತು, ಹೊಟ್ಟೆಯೊಳಗಿನ ಅವಯವಗಳು ಚಿಕ್ಕವಾಗಿದ್ದವು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಹೊರಗೆ ಸಣಕಲು, ಒಳಗೆ ಕೊಬ್ಬು. 2003ರಲ್ಲಿ ಪ್ರಕಟವಾದ ಈ ಶೋಧವನ್ನು ವೈದ್ಯಲೋಕವು “ತೆಳು-ಕೊಬ್ಬಿನ ಭಾರತೀಯ ಶಿಶು” ಎಂಬ ಅರ್ಥದ ಹೆಸರಿನಿಂದ ಗುರುತಿಸುತ್ತದೆ.

ಇದಾದ ಮರುವರ್ಷ, 2004ರಲ್ಲಿ, ಡಾ. ಯಾಜ್ಞಿಕರು ಲಂಡನ್ನಿನ ತಮ್ಮ ಸ್ನೇಹಿತ ಡಾ. ಜಾನ್ ಯುಡ್ಕಿನ್ನರೊಡನೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಭಾವಚಿತ್ರವನ್ನು ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಅಂಕ ಇಬ್ಬರಿಗೂ ಒಂದೇ, 22.3. ನೋಡುವ ಕಣ್ಣಿಗೆ ಇಬ್ಬರೂ ಸಪೂರ. ಆದರೆ ಆಂಗ್ಲ ವೈದ್ಯರ ದೇಹದಲ್ಲಿ ಕೊಬ್ಬು ನೂರಕ್ಕೆ 9.1, ಪುಣೆಯ ವೈದ್ಯರ ದೇಹದಲ್ಲಿ ನೂರಕ್ಕೆ 21.2. ತಕ್ಕಡಿಯನ್ನು ಕುರುಡಾಗಿ ನಂಬುವವರಿಗೆ ಇದಕ್ಕಿಂತ ಸೊಗಸಾದ ಉತ್ತರ ಬೇಕಿಲ್ಲ.

ಇನ್ನೊಂದು ಸಂಗತಿಯೂ ಆ ಹಳ್ಳಿಗಳಿಂದ ತಿಳಿದುಬಂದಿತು. ಗರ್ಭಿಣಿಯರು ಒಟ್ಟು ಎಷ್ಟು ಕ್ಯಾಲೊರಿ ಉಂಡರೆಂಬುದಕ್ಕೂ ಕೂಸಿನ ಬೆಳವಣಿಗೆಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಹಸಿರು ಸೊಪ್ಪು, ಹಣ್ಣು, ಹಾಲು ಇವನ್ನು ಆಗಾಗ ತಿಂದ ತಾಯಂದಿರ ಕೂಸುಗಳು ಮಾತ್ರ ಚೆನ್ನಾಗಿ ಬೆಳೆದು ಹುಟ್ಟಿದವು. ಪ್ರಮಾಣಕ್ಕಿಂತ ಗುಣ ಮುಖ್ಯವೆಂಬುದು ಹೀಗೆ ಅಂಕಿಯಲ್ಲಿಯೇ ಸಿದ್ಧವಾಯಿತು.

ಇದು ಹಳ್ಳಿಯ ಕೂಸುಗಳ ಮಾತು, ನಗರದ ಶಾಲಾಮಕ್ಕಳಿಗೆ ಏಕೆ ಎಂದು ಕೇಳಬಹುದು. ಕೇಂದ್ರ ಆರೋಗ್ಯ ಸಚಿವಾಲಯವು 2016ರಿಂದ 2018ರವರೆಗೆ ದೇಶದಾದ್ಯಂತ ನಡೆಸಿದ ಮಕ್ಕಳ ಪೌಷ್ಟಿಕತೆಯ ಸಮೀಕ್ಷೆಯಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳ ಪೈಕಿ ನೂರಕ್ಕೆ 24 ಮಂದಿಗೆ ರಕ್ತಹೀನತೆ ಕಂಡುಬಂದಿತು. ಅದೇ ವಯಸ್ಸಿನ ನೂರರಲ್ಲಿ ಸುಮಾರು 10 ಮಕ್ಕಳ ರಕ್ತದಲ್ಲಿ ಸಕ್ಕರೆಯು ಮಧುಮೇಹದ ಹೊಸ್ತಿಲಿಗೆ ಬಂದು ನಿಂತಿತ್ತು. ಕೊರತೆಯೂ ಅತಿರೇಕವೂ ಒಂದೇ ವಯಸ್ಸಿನ ಮಕ್ಕಳಲ್ಲಿ, ಕೆಲವೊಮ್ಮೆ ಒಂದೇ ಮಗುವಿನಲ್ಲಿ ಸೇರಿರುವುದೇ ನಮ್ಮ ಕಾಲದ ವೈಚಿತ್ರ್ಯ. ಇಂಥ ಮಗುವಿಗೆ ಬೇಕಾದುದು ಸ್ನಾಯು, ಎಲುಬು, ರಕ್ತಗಳನ್ನು ಕಟ್ಟುವ ಆಹಾರ. ಮೈದಾ, ಸಕ್ಕರೆ, ವನಸ್ಪತಿಗಳು ಅದಕ್ಕೆ ಕೊಡುವುದು ಈಗಾಗಲೇ ಅದರ ಒಳಗೆ ಬೇಕಾದುದಕ್ಕಿಂತ ಹೆಚ್ಚಾಗಿರುವ ವಸ್ತುವನ್ನು.

ಎರಡು ತಟ್ಟೆಗಳ ಜಮಾಖರ್ಚು

ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1700 ಕ್ಯಾಲೊರಿ, 23 ಗ್ರಾಂ ಸಸಾರಜನಕ, 650 ಮಿಲಿಗ್ರಾಂ ಸುಣ್ಣಾಂಶ, 15 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಗೊತ್ತುಪಡಿಸಿದೆ. ಮೇಲಿನಿಂದ ಸೇರಿಸುವ ಸಕ್ಕರೆಯ ಪಾಲು ಒಟ್ಟು ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತನ್ನು ಮೀರಬಾರದು, ಐದರೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊಟ್ಟ ಸಲಹೆ. ಈ ಮಗುವಿನ ಮಟ್ಟಿಗೆ ಲೆಕ್ಕ ಹಾಕಿದರೆ 42 ಗ್ರಾಂ ಮೇಲಿನ ಮಿತಿ, 21 ಗ್ರಾಂ ಉತ್ತಮ ಮಿತಿ. ಬೆಳಗಿನ ಹಾಲಿನ ಸಕ್ಕರೆಯಿಂದ ರಾತ್ರಿಯ ಸಿಹಿಯವರೆಗೆ ಎಲ್ಲವೂ ಇದರಲ್ಲಿಯೇ ಅಡಗಬೇಕು.

ಈಗ ಮೊದಲನೆಯ ತಟ್ಟೆಯನ್ನು ನೋಡೋಣ. ಆರು ಗ್ಲೂಕೋಸ್ ಬಿಸ್ಕತ್ತು, ಅಂದರೆ ಸುಮಾರು 30 ಗ್ರಾಂ. ಜೊತೆಗೆ ರಟ್ಟಿನ ಡಬ್ಬಿಯಲ್ಲಿ ಬರುವ 200 ಮಿಲಿಲೀಟರ್ ಮಾವಿನ ಪಾನೀಯ. ಪ್ಯಾಕೆಟ್ಟಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆಯಿದ್ದರೆ ಸಾಧಾರಣ ಬಿಸ್ಕತ್ತಿನಲ್ಲಿ ನೂರು ಗ್ರಾಮಿಗೆ 25 ಗ್ರಾಮಿನಷ್ಟು, ಪಾನೀಯದಲ್ಲಿ ನೂರು ಮಿಲಿಲೀಟರಿಗೆ 13 ಗ್ರಾಮಿನಷ್ಟು ಸಕ್ಕರೆ ಕಾಣುತ್ತದೆ. ಒಟ್ಟು 33 ಗ್ರಾಂ. ದಿನದ ಉತ್ತಮ ಮಿತಿಯು ಒಂದೇ ತಿಂಡಿಗೆ ದಾಟಿಹೋಯಿತು. ಕ್ಯಾಲೊರಿ ಸುಮಾರು 250. ಸಸಾರಜನಕ ಹೆಚ್ಚೆಂದರೆ 2 ಗ್ರಾಂ. ಸುಣ್ಣಾಂಶ ಹೆಸರಿಗೆ ಮಾತ್ರ.

ಎರಡನೆಯ ತಟ್ಟೆಯಲ್ಲಿ ರಾಗಿ-ಹುರಿಗಡಲೆಯ ಎರಡು ಚಿಕ್ಕ ಉಂಡೆಗಳು, ಒಂದು ಲೋಟ, ಅಂದರೆ 150 ಮಿಲಿಲೀಟರ್, ಸಕ್ಕರೆ ಹಾಕದ ಹಾಲು. ಕ್ಯಾಲೊರಿ ಸುಮಾರು 270. ಹೆಚ್ಚುಕಡಮೆ ಮೊದಲನೆಯ ತಟ್ಟೆಯಷ್ಟೇ. ಆದರೆ ಸಸಾರಜನಕ 9 ಗ್ರಾಮಿಗೆ ಮೀರುತ್ತದೆ. ಸುಣ್ಣಾಂಶ 260 ಮಿಲಿಗ್ರಾಂ, ಅಂದರೆ ದಿನದ ಅಗತ್ಯದಲ್ಲಿ ಐದರಲ್ಲಿ ಎರಡು ಪಾಲು. ಮೇಲೆ ಸೇರಿಸಿದ ಸಿಹಿ 10 ಗ್ರಾಂ ಬೆಲ್ಲ. ಖರ್ಚು ಒಂದೇ, ಜಮಾ ಬೇರೆ. ತಕ್ಕಡಿಗೆ ಎರಡು ತಟ್ಟೆಗಳೂ ಸಮವೆಂದೇ ತೋರುವುದರಿಂದ ಮಗುವಿನ ತೂಕವನ್ನಷ್ಟೇ ನೋಡುವ ತಾಯಿತಂದೆಯರಿಗೆ ಈ ವ್ಯತ್ಯಾಸ ವರ್ಷಗಟ್ಟಲೆ ತಿಳಿಯುವುದೇ ಇಲ್ಲ.

ಉಂಡೆಯ ಮಾತನ್ನು ಅಜ್ಜಿಯರ ಕಾಲದ ಮೋಹವೆಂದು ತಳ್ಳಿಹಾಕುವವರು ಪುಣೆಯಲ್ಲಿಯೇ ನಡೆದ ಇನ್ನೊಂದು ಪ್ರಯೋಗವನ್ನು ಗಮನಿಸಬೇಕು. ಇಲ್ಲಿಯ ಜಹಾಂಗೀರ್ ಆಸ್ಪತ್ರೆಗೆ ಸೇರಿದ ಸಂಶೋಧನ ಸಂಸ್ಥೆಯ ವೈದ್ಯರು ಬಡ ಕುಟುಂಬಗಳ ಎರಡು-ಮೂರು ವರ್ಷದ ಮಕ್ಕಳಿಗೆ ಧಾನ್ಯ, ಬೇಳೆಗಳ ಲಾಡುಗಳನ್ನು ಒಂದು ವರ್ಷ ಕಾಲ ತಿನ್ನಿಸಿದರು. ಹೆಚ್ಚಿನ ಸುಣ್ಣಾಂಶ ಸೇರಿಸಿದ ಲಾಡು ತಿಂದ ಮಕ್ಕಳ ಎಲುಬಿನಲ್ಲಿ ಖನಿಜದ ಸಂಗ್ರಹವು ಉಳಿದ ಮಕ್ಕಳಿಗಿಂತ ಹೆಚ್ಚಾಯಿತೆಂದು 2011ರಲ್ಲಿ ಪ್ರಕಟವಾಯಿತು. ಮಗುವಿನ ಎಲುಬಿಗೆ ಸುಣ್ಣಾಂಶವನ್ನು ಮುಟ್ಟಿಸಲು ಆಧುನಿಕ ವೈದ್ಯರು ಆರಿಸಿಕೊಂಡ ವಾಹನವು ಮಾತ್ರೆಯಲ್ಲ, ಔಷಧದ ಸೀಸೆಯಲ್ಲ, ಲಾಡು.

ಮಕ್ಕಳು ಪ್ಯಾಕೆಟ್ಟನ್ನೇಕೆ ಮೆಚ್ಚುತ್ತಾರೆ?

ಪುಷ್ಟಿಯ ಲೆಕ್ಕವು ದೊಡ್ಡವರಿಗೆ. ಮಗುವಿಗೆ “ಇದರಲ್ಲಿ ಸುಣ್ಣಾಂಶವಿದೆ, ತಿನ್ನು” ಎಂದು ಹೇಳಿದರೆ ಅದು ಓಡಿಹೋಗುವುದೇ ಸರಿ. ಪ್ಯಾಕೆಟ್ಟಿನ ಯಶಸ್ಸಿನ ಗುಟ್ಟನ್ನು ಮೊದಲು ಅರಿಯಬೇಕು. ಅದು ಹಲ್ಲಿನಡಿಯಲ್ಲಿ ಕುರುಕುರು ಎನ್ನುತ್ತದೆ. ಪ್ರತಿಯೊಂದು ತುಣುಕೂ ಒಂದೇ ಆಕಾರ, ಒಂದೇ ರುಚಿ. ಮಗುವಿಗೆ ಅನಿರೀಕ್ಷಿತವಾದುದು ಬಾಯಿಗೆ ಬರುವುದಿಲ್ಲ. ಕೈಯಲ್ಲಿ ಹಿಡಿದು ಓಡಾಡಿಕೊಂಡು ತಿನ್ನಬಹುದು. ಅದು ತನ್ನದೇ ಎಂಬ ಒಡೆತನದ ಭಾವವೂ ಇದೆ. ಈ ನಾಲ್ಕು ಗುಣಗಳಲ್ಲಿ ಯಾವುದೂ ಕಾರ್ಖಾನೆಯ ಸ್ವತ್ತಲ್ಲ. ಕಾಗದದ ಪೊಟ್ಟಣದಲ್ಲಿ ಕೊಟ್ಟ ಬೆಚ್ಚಗಿನ ಮಂಡಕ್ಕಿಗೆ ನಾಲ್ಕೂ ಉಂಟು. ಅದೇ ಮಂಡಕ್ಕಿಯನ್ನು ಮೆತ್ತಗಾಗಲು ಬಿಟ್ಟು, ಸ್ಟೀಲಿನ ತಟ್ಟೆಯಲ್ಲಿ ಗುಡ್ಡೆ ಹಾಕಿ, “ಮುಗಿಸಿಯೇ ಏಳಬೇಕು” ಎಂದರೆ ಒಂದೂ ಉಳಿಯುವುದಿಲ್ಲ.

ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ ಎಂಬವರು 1920ರ ದಶಕದಲ್ಲಿ ಆರಂಭಿಸಿದ ಪ್ರಯೋಗವೊಂದು ಇಲ್ಲಿ ನೆನೆಯತಕ್ಕದ್ದು. ಎದೆಹಾಲು ಬಿಟ್ಟ 15 ಕೂಸುಗಳ ಮುಂದೆ ಅವರು ಹಾಲು, ಹಣ್ಣು, ತರಕಾರಿ, ಧಾನ್ಯ, ಮೊಟ್ಟೆ, ಮಾಂಸಗಳೇ ಮುಂತಾದ 34 ಬಗೆಯ ಸಾದಾ ಆಹಾರಗಳನ್ನು ಸರದಿಯಂತೆ ಇರಿಸಿ, ಯಾರ ಒತ್ತಾಯವೂ ಇಲ್ಲದೆ ಬೇಕಾದುದನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ಒಂದೊಂದು ಕೂಸಿನ ಆಯ್ಕೆ ಒಂದೊಂದು ಬಗೆ. ಆದರೂ ಎಲ್ಲವೂ ಸೊಗಸಾಗಿ ಬೆಳೆದವು. ಮಗುವಿಗೆ ತನಗೆ ಬೇಕಾದುದು ತಿಳಿದಿರುತ್ತದೆಂದು ಜನ ಕೊಂಡಾಡಿದರು. ಡೇವಿಸ್ ಅವರೇ 1939ರಲ್ಲಿ ಇದರ ಗುಟ್ಟನ್ನು ಬಿಚ್ಚಿಟ್ಟರು: ಆ ಪಟ್ಟಿಯಲ್ಲಿ ಸಕ್ಕರೆಯೂ ಇರಲಿಲ್ಲ, ಕಾರ್ಖಾನೆಯ ತಿನಿಸೂ ಇರಲಿಲ್ಲ. ಆಯ್ಕೆ ಮಗುವಿನದು, ಪಟ್ಟಿ ಹಿರಿಯರದು. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿದೆ. ಕಪಾಟಿನಲ್ಲಿ ಏನಿರಬೇಕೆಂಬುದನ್ನು ಜಾಹೀರಾತು ನೋಡಿದ ಮಗು ಗೊತ್ತುಮಾಡುತ್ತದೆ, ಎಷ್ಟು ತಿನ್ನಬೇಕೆಂಬುದನ್ನು ತಾಯಿ ಗೊತ್ತುಮಾಡುತ್ತಾಳೆ.

ಅದೇ ದೇಶದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ ಅವರು 1980ರ ದಶಕದಲ್ಲಿ ನಡೆಸಿದ ಪರೀಕ್ಷೆಗಳಿಂದ ಎರಡು ಉಪಯುಕ್ತ ವಿಷಯಗಳು ತಿಳಿದುಬಂದವು. ಹೊಸ ರುಚಿಯೊಂದನ್ನು ಮಗು ಒಪ್ಪಬೇಕಾದರೆ ಎಂಟು-ಹತ್ತು ಸಲವಾದರೂ ಅದನ್ನು ನಾಲಿಗೆಗೆ ಮುಟ್ಟಿಸಿ ನೋಡಬೇಕು. ಎರಡು ಸಲ ಉಗುಳಿತೆಂದು “ನಮ್ಮ ಹುಡುಗನಿಗೆ ರಾಗಿ ಸೇರುವುದಿಲ್ಲ” ಎಂದು ತೀರ್ಪು ಕೊಡುವುದು ಆತುರದ ಕೆಲಸ. ಇನ್ನೊಂದು: “ಉಸಲಿ ತಿಂದರೆ ಚಾಕಲೇಟು ಕೊಡುತ್ತೇನೆ” ಎಂಬ ಕರಾರು. ಇದರಿಂದ ಉಸಲಿ ಶಿಕ್ಷೆಯೆಂದೂ ಚಾಕಲೇಟು ಪದವಿಯೆಂದೂ ಮಗುವಿನ ಮನಸ್ಸಿನಲ್ಲಿ ಬೇರೂರುತ್ತದೆ. ಲಂಚ ಕೊಟ್ಟು ಮಾಡಿಸಿದ ಕೆಲಸಕ್ಕೆ ಮರುದಿನ ಲಂಚ ಹೆಚ್ಚು ಕೊಡಬೇಕಾಗುವುದು ಲೋಕರೂಢಿ.

ಅಡುಗೆಮನೆಯಲ್ಲಿ

ಪುಣೆಯ ಕಿರಾಣಿ ಅಂಗಡಿಯಲ್ಲಿ ನಮ್ಮವರಿಗೆ ಬೇಕಾದ ಎಲ್ಲವೂ ದೊರೆಯುತ್ತವೆ. ಹೆಸರು ತಿಳಿದಿರಬೇಕು, ಅಷ್ಟೆ. ಮೈಸೂರಿನವರ ಹುರಿಗಡಲೆ, ಧಾರವಾಡದವರ ಪುಟಾಣಿ, ಇಲ್ಲಿ ಸಿಪ್ಪೆ ತೆಗೆದುದಾದರೆ ಡಾಳೆ, ಸಿಪ್ಪೆ ಸಹಿತವಾದರೆ ಫುಟಾಣೆ. ರಾಗಿಗೆ ನಾಚಣಿ. ಮಂಡಕ್ಕಿ ಅಥವಾ ಚುರುಮುರಿಗೆ ಕುರಮುರೆ. ಎಳ್ಳಿಗೆ ತೀಳ. ಶೇಂಗಾ ಎರಡೂ ಕಡೆ ಶೇಂಗಾವೇ.

ಮೇಲೆ ಹೇಳಿದ ಉಂಡೆಗೆ ರಾಗಿ ಹಿಟ್ಟು 100 ಗ್ರಾಂ, ಹುರಿಗಡಲೆ 100 ಗ್ರಾಂ, ಶೇಂಗಾ 50 ಗ್ರಾಂ, ಎಳ್ಳು 25 ಗ್ರಾಂ, ಪುಡಿ ಮಾಡಿದ ಬೆಲ್ಲ 100 ಗ್ರಾಂ, ತುಪ್ಪ 40 ಗ್ರಾಂ. ರಾಗಿ ಹಿಟ್ಟನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹತ್ತು ನಿಮಿಷ ಕೈ ಬಿಡದೆ ಹುರಿಯಬೇಕು. ಉಂಡೆಯ ಭಾಗ್ಯವೆಲ್ಲ ಈ ಹತ್ತು ನಿಮಿಷದಲ್ಲಿದೆ. ಹಸಿ ವಾಸನೆ ಉಳಿದರೆ ಮಗು ಒಂದು ತುತ್ತಿಗೇ ನಿಲ್ಲಿಸುತ್ತದೆ. ತಳ ಹಿಡಿದರೆ ಕಹಿ. ಬಣ್ಣ ಒಂದು ಛಾಯೆ ಗಾಢವಾಗಿ ಘಮ್ಮೆಂದಾಗ ಇಳಿಸಿ ಬೇರೆ ಪಾತ್ರೆಗೆ ಸುರಿಯಬೇಕು, ಬಾಣಲೆಯಲ್ಲಿಯೇ ಬಿಟ್ಟರೆ ಅದರ ಕಾವಿಗೆ ಸೀಯುತ್ತದೆ. ಶೇಂಗಾ ಹುರಿದು ಸಿಪ್ಪೆ ಉಜ್ಜಿ ಕೇರಿ ತರಿತರಿಯಾಗಿ ಪುಡಿ ಮಾಡಬೇಕು. ಎಳ್ಳು ಚಟಪಟ ಎನ್ನುವವರೆಗೆ ಸಾಕು. ಹುರಿಗಡಲೆ ನುಣ್ಣಗಿರಲಿ. ಎಲ್ಲವನ್ನೂ ಬೆಲ್ಲ, ಏಲಕ್ಕಿ, ಚಿಟಿಕೆ ಒಣಶುಂಠಿಯೊಂದಿಗೆ ಕಲಸಿ, ಬಿಸಿ ತುಪ್ಪ ಹನಿಸಿ, ದೊಡ್ಡ ನೆಲ್ಲಿಕಾಯಿ ಗಾತ್ರದಲ್ಲಿ ಕಟ್ಟಿದರೆ 20 ಉಂಡೆಗಳಾಗುತ್ತವೆ. ಪಾಕ ಹಿಡಿಯುವ ತಾಪತ್ರಯವಿಲ್ಲ. ಕಟ್ಟಲು ಬಾರದಿದ್ದರೆ ಹಾಲು ಚಿಮುಕಿಸುವ ರೂಢಿಯುಂಟು. ಹಾಗೆ ಮಾಡಿದ ಉಂಡೆ ಎರಡು ದಿನಕ್ಕೆ ಹಳಸುತ್ತದೆ, ಇನ್ನೊಂದು ಚಮಚ ತುಪ್ಪವೇ ಲೇಸು. ಒಣ ಡಬ್ಬಿಯಲ್ಲಿ ಹತ್ತು ದಿನ ಕೆಡುವುದಿಲ್ಲ. ಪುಣೆಯ ಮಳೆಗಾಲದಲ್ಲಿ ಒಂದು ವಾರವೆಂದು ಎಣಿಸಬೇಕು.

ಬೆಲ್ಲದ ವಿಷಯದಲ್ಲಿ ಒಂದು ಭ್ರಮೆಯನ್ನು ಇಲ್ಲಿಯೇ ಬಿಡಿಸಬೇಕಾಗಿದೆ. ಬೆಲ್ಲದಲ್ಲಿ ಅಷ್ಟಿಷ್ಟು ಖನಿಜಗಳಿವೆ, ನಿಜ; ಆದರೆ ಅದರ ಬಹುಭಾಗ ಸಕ್ಕರೆಯೇ. “ಬೆಲ್ಲದ್ದು, ಎಷ್ಟಾದರೂ ತಿನ್ನಲಿ” ಎಂಬ ಮಾತು “ಏನಾದರೂ ತಿನ್ನಲಿ” ಎಂಬುದರ ತಮ್ಮ. ಉಂಡೆಯಲ್ಲಿ ಹಿಟ್ಟುಗಳ ಪಾಲು ಹೆಚ್ಚಿ ಬೆಲ್ಲವು ಕಾಲುಭಾಗವನ್ನು ಮೀರದಿರುವಂತೆ ನೋಡಿಕೊಳ್ಳುವುದರಲ್ಲಿಯೇ ಜಾಣ್ಮೆ.

ಎಲ್ಲ ಮಕ್ಕಳೂ ಸಿಹಿಯನ್ನು ಬಯಸುವುದಿಲ್ಲ. ಖಾರ, ಹುಳಿ ಬೇಡುವ ನಾಲಿಗೆಗೆ ಹುಬ್ಬಳ್ಳಿ-ಧಾರವಾಡದ ಗಿರ್ಮಿಟ್ಟಿಗಿಂತ ಮಿಗಿಲಾದುದಿಲ್ಲ. ಮಂಡಕ್ಕಿಯೊಂದನ್ನೇ ತಿಂದರೆ ಅದು ಗಾಳಿ ತುಂಬಿದ ಅಕ್ಕಿ. ಹೊಟ್ಟೆ ತುಂಬಿದಂತೆ ತೋರಿ ಅರ್ಧ ಗಂಟೆಗೆ ಬರಿದಾಗುತ್ತದೆ. ಪುಟಾಣಿ ಹಿಟ್ಟು, ಹುರಿದ ಶೇಂಗಾ, ಈರುಳ್ಳಿ, ಕೊತ್ತಂಬರಿ, ತುರಿದ ಗಜ್ಜರಿ ಕೈತುಂಬ ಬಿದ್ದಾಗಲೇ ಅದಕ್ಕೆ ತೂಕ. ಹುಣಸೆ-ಬೆಲ್ಲದ ಒಗ್ಗರಣೆಯನ್ನು ಬೆಳಿಗ್ಗೆಯೇ ಮಾಡಿಟ್ಟರೆ ಹತ್ತು ವರ್ಷದ ಮಗು ತಾನೇ ಕಲಸಿಕೊಂಡೀತು. ಬೆರೆಸಿದ ಐದು ನಿಮಿಷದೊಳಗೆ ತಿನ್ನಬೇಕು, ಇಲ್ಲವಾದರೆ ಕುರುಕು ಹೋಗುತ್ತದೆ. ಕುರುಕು ಹೋದ ಮೇಲೆ ಮಕ್ಕಳ ದೃಷ್ಟಿಯಲ್ಲಿ ಅದು ತಿಂಡಿಯೇ ಅಲ್ಲ.

ಮೊಳಕೆ ಹೆಸರುಕಾಳಿನ ಉಸಲಿಯನ್ನು ಮುಖ ಸಿಂಡರಿಸಿ ದೂಡುವ ಮಗು ಅದೇ ಕಾಳನ್ನು ಪಡ್ಡಿನಲ್ಲಿ ಗುರುತಿಸುವುದಿಲ್ಲ. ಉಳಿದ ದೋಸೆಹಿಟ್ಟಿಗೆ ರುಬ್ಬಿದ ಮೊಳಕೆಕಾಳು, ಸಣ್ಣಗೆ ಹೆಚ್ಚಿದ ಮೆಂತ್ಯದ ಸೊಪ್ಪು, ಈರುಳ್ಳಿ ಸೇರಿಸಿ ಗುಳಿಯ ಹಂಚಿನಲ್ಲಿ ಎರಡೆರಡು ಹನಿ ಎಣ್ಣೆಯಿಂದ ಬೇಯಿಸಿದರೆ ಹೊರಗೆ ಗರಿಗರಿ, ಒಳಗೆ ಮೃದು. ಇಲ್ಲಿಯವರು ಇದನ್ನೇ ಆಪ್ಪೆ ಎನ್ನುತ್ತಾರೆ. ಕರಿದ ವಡೆಗೆ ತಗಲುವ ಎಣ್ಣೆಯ ಅಲ್ಪಭಾಗವೂ ಇದಕ್ಕೆ ಬೇಡ. ಮರಾಠಿ ನೆರೆಹೊರೆಯವರ ಥಾಲಿಪೀಠವನ್ನೂ ನಮ್ಮವರು ಸಂಕೋಚವಿಲ್ಲದೆ ಕಲಿಯಬಹುದು. ಹಲವು ಧಾನ್ಯ, ಬೇಳೆಗಳನ್ನು ಹುರಿದು ಬೀಸಿದ ಭಾಜಣಿ ಹಿಟ್ಟು ಪೇಟೆಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಅಂಗೈಯಗಲ ತಟ್ಟಿ ಮೊಸರಿನೊಂದಿಗೆ ಕೊಟ್ಟರೆ ನಮ್ಮ ದಪಾಟಿಯ ತಂಗಿಯಂತೆ ಹೊಂದಿಕೊಳ್ಳುತ್ತದೆ.

ಮೊಸರು, ಹಾಲುಗಳ ಮಾತು ಬಂದುದರಿಂದ ಒಂದು ವಿಷಯ. ಬಿ-12 ಎಂಬ ಜೀವಸತ್ವವು ಕಾಳು, ಸೊಪ್ಪು, ಹಣ್ಣುಗಳಲ್ಲಿ ಇಲ್ಲ. ಶಾಕಾಹಾರಿಗಳ ಮನೆಯಲ್ಲಿ ಅದು ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದಲೇ. ಪುಣೆಯ ಆ ಹಳ್ಳಿಗಳ ತಾಯಂದಿರಲ್ಲಿ ಬಹುಮಂದಿಗೆ ಇದರ ಕೊರತೆಯಿದ್ದಿತು. ಮೊಟ್ಟೆ ತಿನ್ನುವ ಮನೆಗಳಲ್ಲಿ ಬೇಯಿಸಿದ ಒಂದು ಮೊಟ್ಟೆಯು ಎಲ್ಲ ಪಾಕವಿಧಾನಗಳಿಗಿಂತ ಸುಲಭವಾದ ಸಂಜೆಯ ತಿಂಡಿ.

ಹಾಲಿನ ಬದಲು ಚಹಾ ಕೊಡುವ ಅಭ್ಯಾಸ ಮಾತ್ರ ಖಂಡಿತ ನಿಲ್ಲಬೇಕು. ಪುಣೆಯ ಸಂಜೆಯೆಂದರೆ ಚಹಾದಲ್ಲಿ ಅದ್ದಿದ ಖಾರಿಯೆಂದು ನಮ್ಮ ಮಕ್ಕಳೂ ಕಲಿತಿದ್ದಾರೆ. ಚಹಾದ ಒಗರು ಆಹಾರದ ಕಬ್ಬಿಣಾಂಶವನ್ನು ಕರುಳು ಹೀರದಂತೆ ತಡೆಯುತ್ತದೆ. ಇದಕ್ಕೆ ವಿರುದ್ಧವಾಗಿ ಹುಳಿಹಣ್ಣುಗಳ ಸಿ ಜೀವಸತ್ವವು ಹೀರಲು ನೆರವಾಗುತ್ತದೆ. ಒಂದು ಹಿಡಿ ಫುಟಾಣೆಯೊಂದಿಗೆ ಚಹಾ ಕುಡಿದ ಮಗುವಿಗೂ, ಅದೇ ಹಿಡಿಯೊಂದಿಗೆ ಉಪ್ಪುಖಾರ ಸವರಿದ ಪೇರಲ ಹಣ್ಣು ತಿಂದ ಮಗುವಿಗೂ ದೊರೆಯುವ ಕಬ್ಬಿಣಾಂಶ ಒಂದೇ ಅಲ್ಲ. ಪೇರಲ ಪುಣೆಯ ಮಂಡಿಯಲ್ಲಿ ಧಾರಾಳ. ಪುರಂದರ ತಾಲ್ಲೂಕಿನ ಅಂಜೂರ, ಸೀತಾಫಲಗಳು ಋತುವಿನಲ್ಲಿ ರಸ್ತೆಯಂಚಿಗೇ ಬಂದು ಕೂರುತ್ತವೆ.

ಇನ್ನು ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳು. ಹೆಸರಿನಲ್ಲಿ ಶಕ್ತಿ, ಬೆಳವಣಿಗೆಗಳ ಘೋಷಣೆಯಿದ್ದರೂ ಹಲವುಗಳಲ್ಲಿ ಸಕ್ಕರೆಯ ಪಾಲು ದೊಡ್ಡದು. ಆಹಾರ ಕಾನೂನಿನಲ್ಲಿ “ಆರೋಗ್ಯ ಪಾನೀಯ” ಎಂಬ ವರ್ಗವೇ ಇಲ್ಲವೆಂದು ತಿಳಿಸಿ, ಇಂಥವುಗಳನ್ನು ಆ ಹೆಸರಿನಡಿ ಮಾರಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲಿನಲ್ಲಿ ಅಂತರಜಾಲ ವ್ಯಾಪಾರಿಗಳಿಗೆ ಸೂಚಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಶಾಲಾಮಕ್ಕಳಿಗೆ ಹಾಲಿನೊಂದಿಗೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡಲಾರಂಭಿಸಿತು. ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿ, ಗೋಧಿಗಳಲ್ಲಿ ಅದರ ಎಂಟರಲ್ಲೊಂದು ಪಾಲೂ ಇಲ್ಲ. ಊರಿನ ಸರ್ಕಾರಿ ಶಾಲೆಯ ಮಗುವಿಗೆ ದೊರೆಯುವ ಪಾನೀಯವು ಪುಣೆಯ ಗಗನಚುಂಬಿ ಕಟ್ಟಡದ ಹನ್ನೆರಡನೆಯ ಮಹಡಿಯ ಮಗುವಿಗೆ ದೊರೆಯದಿರುವುದು ಹಣದ ಅಭಾವದಿಂದಂತೂ ಅಲ್ಲ.

ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆಗಳು ಅತಿಯಾದ ತಿನಿಸುಗಳನ್ನು ಮಕ್ಕಳಿಗೆ ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ. ಐವತ್ತೊಂದನೆಯ ಮೀಟರಿನಿಂದ ಮನೆಯ ಕಪಾಟಿನವರೆಗೆ ಕಾನೂನಿಗೆ ಪ್ರವೇಶವಿಲ್ಲ. ಹಾಗೆಂದು ವಡಾ-ಪಾವ್‌ನ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳಬೇಕಾಗಿಯೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಮನೆಮಂದಿಯೆಲ್ಲ ಸಿಂಹಗಡ ಹತ್ತಿ ಇಳಿದು ಬಿಸಿಬಿಸಿಯಾಗಿ ತಿಂದ ವಡೆಯಿಂದ ಯಾವ ಮಗುವೂ ಕೆಟ್ಟಿಲ್ಲ. ಪೂರ್ಣವಾಗಿ ನಿಷೇಧಿಸಿದ ವಸ್ತುವಿನ ರುಚಿ ಇಮ್ಮಡಿಯಾಗುವುದು ಮಕ್ಕಳಲ್ಲಿ ಮಾತ್ರವಲ್ಲ.

ಎಚ್ಚರಿಕೆಯ ಎರಡು ಮಾತು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇಡೀ ಶೇಂಗಾ, ಹುರಿಗಡಲೆ, ಪಾಪಡಿಯಂಥ ಗಟ್ಟಿ ಚೂರುಗಳನ್ನು ಓಡಾಡುತ್ತ ತಿನ್ನಲು ಕೊಡಬಾರದು. ಶ್ವಾಸನಾಳಕ್ಕೆ ಸಿಕ್ಕಿಕೊಂಡು ಪ್ರಾಣಕ್ಕೇ ಅಪಾಯ. ಅವರಿಗೆ ಎಲ್ಲವೂ ಪುಡಿಯ ರೂಪದಲ್ಲಿಯೇ ಇರಲಿ. ಮುಗ್ಗಿದ, ಸುಕ್ಕುಗಟ್ಟಿದ, ಕಹಿ ಶೇಂಗಾವನ್ನು ತೊಳೆದು ಹುರಿದರೆ ಸರಿಹೋದೀತೆಂದು ಭಾವಿಸಬಾರದು. ಅದರ ಬೂಷ್ಟಿನ ವಿಷ ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಶೇಂಗಾ ತಿಂದಾಗ ತುಟಿ ಬಾತು ಮೈ ದದ್ದೇಳುವ ಮಕ್ಕಳಿದ್ದರೆ ವೈದ್ಯರನ್ನು ಕಾಣುವವರೆಗೆ ಅದರ ಗೊಡವೆ ಬೇಡ.

ಇಷ್ಟೆಲ್ಲ ಕೇಳಿದ ಮೇಲೆ ದುಡಿಯುವ ತಾಯಿ ಸಮಯವೆಲ್ಲಿದೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಇದು ತಾಯಿಯೊಬ್ಬಳ ಪಾಲಿನ ಕೆಲಸವೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ರಾಗಿ ಹಿಟ್ಟು ಹುರಿಯಲು ಬೇಕಾದ ಹತ್ತು ನಿಮಿಷ ತಂದೆಯ ಕೈಗೂ ಸಾಧ್ಯ. ಶೇಂಗಾ ಸಿಪ್ಪೆ ಉಜ್ಜಿ ಊದುವುದಕ್ಕೆ ಮಕ್ಕಳಿಗಿಂತ ಉತ್ಸಾಹಿಗಳಿಲ್ಲ, ಅಡುಗೆಮನೆಯ ತುಂಬ ಸಿಪ್ಪೆ ಹಾರಿದರೆ ಹಾರಲಿ. ತಾನೇ ಕಟ್ಟಿದ ಸೊಟ್ಟ ಉಂಡೆಯನ್ನು ಬೇಡವೆನ್ನುವ ಮಗು ಅಪರೂಪ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಕುಳಿತರೆ 20 ಉಂಡೆ. ಇಬ್ಬರು ಮಕ್ಕಳಿಗೆ ದಿನಕ್ಕೆ ಎರಡೆರಡರಂತೆ ಸೋಮವಾರದಿಂದ ಶುಕ್ರವಾರದವರೆಗೆ ಲೆಕ್ಕ ಸರಿಯಾಗುತ್ತದೆ. ಶನಿವಾರ ಡಬ್ಬಿ ಖಾಲಿ. ಆ ದಿನ ಗಿರ್ಮಿಟ್ಟು.